ಪ್ಲಗ್ ಕಿತ್ತು ನೋಡಿದ ಲೆಕ್ಕ

ಒಣದ್ರಾಕ್ಷಿ ಸೀಸನ್ನಿನಲ್ಲಿ ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ನಿಂದ ಫೋನ್ ಬಂತು. ರೈತನ ಕೈಯಲ್ಲಿ ತೂಕದ ಚೀಟಿ ಇದೆ, ಕಂಪ್ಯೂಟರಿನಲ್ಲಿ ಆ ನಂಬರೇ ಇಲ್ಲ. ಚೀಟಿ ಪ್ರಿಂಟಾದ ಬೆನ್ನಿಗೇ ಕರೆಂಟ್ ಹೋಗಿತ್ತಂತೆ. ‘ಚೀಟಿ ಸುಳ್ಳೋ, ಕಂಪ್ಯೂಟರ್ ಸುಳ್ಳೋ, ನೀವ ಬಂದು ಹೇಳ್ರಿ’ ಅಂದರು ಸಾವಕಾರ್ರು.

ಡೇಟಾಬೇಸ್ ಎಸ್‌ಕ್ಯೂಲೈಟ್, ಲೆಕ್ಕವನ್ನು ಒಂದು ಫೈಲಿನಲ್ಲಿ ಇಡುವ ತಂತ್ರಾಂಶ. ಸಿಂಕ್ರೊನಸ್ ಸೆಟ್ಟಿಂಗ್ ‘ಫುಲ್’ನಲ್ಲೇ ಇತ್ತು. ಅಂದರೆ ಫ್ಲಶ್ ಮಾಡು, ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆ ಎಂದು ವಿಂಡೋಸ್‌ಗೆ ಹೇಳಿ, ‘ಆಯಿತು’ ಅನ್ನುವ ಉತ್ತರ ಬಂದ ಮೇಲೆಯೇ ಕಮಿಟ್, ಅಂದರೆ ದಾಖಲೆ ಪಕ್ಕಾ ಮಾಡುವ ಕೆಲಸ, ಮುಗಿಯುತ್ತದೆ. ಒಂದೊಂದೇ ಸಾಲು ಕಮಿಟ್ ಮಾಡುವ ಸಣ್ಣ ಸ್ಕ್ರಿಪ್ಟ್ ಓಡಿಸಿದೆ. ಸೆಕೆಂಡಿಗೆ ನಾನೂರು, ಐನೂರು! ಇದ್ದದ್ದು 7200 ಆರ್‌ಪಿಎಂನ ಹಾರ್ಡ್ ಡಿಸ್ಕ್. ಸೆಕೆಂಡಿಗೆ ಅದು ಸುತ್ತುವುದೇ 120 ಸಲ, ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ತಟ್ಟೆಯ ಮೇಲೆ ನಿಜವಾಗಿ ಬರೆಯಲು ಪ್ರತಿ ಫ್ಲಶ್ ಸುಮಾರು ಒಂದು ಸುತ್ತು ಕಾಯಬೇಕು, ಮೇಲಾಗಿ ಒಂದು ಕಮಿಟ್‌ಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಫ್ಲಶ್ ಬೇಕು. ‘ಆಯಿತು’ ಅನ್ನುವುದು ಸುಳ್ಳು.

ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ಪಾಲಿಸೀಸ್ ತೆರೆದೆ. ರೈಟ್ ಕ್ಯಾಶ್, ಅಂದರೆ ಬರೆಯುವ ಮುನ್ನ ಡೇಟಾ ಕಾಯುವ, ಕರೆಂಟ್ ಹೋದರೆ ಅಳಿಯುವ ಮೆಮೊರಿ, ಫ್ಲಶ್ ಆಗದಂತೆ ತಡೆಯುವ ಟಿಕ್ ಬಿದ್ದಿತ್ತು. ಡಿಸ್ಕಿಗೆ ಪ್ರತ್ಯೇಕ ಪವರ್ ಇಲ್ಲದಿದ್ದರೆ ಇದನ್ನು ಆರಿಸಬೇಡಿ ಎಂಬ ಎಚ್ಚರಿಕೆ ಅದರ ಕೆಳಗೇ ಇದೆ. ಸಿಸ್ಟಮ್ ಫಾಸ್ಟ್ ಮಾಡಿಕೊಟ್ಟ ಯಾವ ಪುಣ್ಯಾತ್ಮನೋ ಓದಿರಲಿಲ್ಲ.

ಮ್ಯಾಕ್ ಆಗಿದ್ದರೆ ಟಿಕ್ ಹಾಕುವ ಕಷ್ಟವೂ ಬೇಡ. ಅಲ್ಲಿ ಬರೀ ಎಫ್‌ಸಿಂಕ್ (ಫ್ಲಶ್ ಮಾಡಿಸುವ ಆಜ್ಞೆ) ಕರೆದರೆ ಡೇಟಾ ಡ್ರೈವಿನ ಕ್ಯಾಶ್‌ವರೆಗೆ ಹೋಗಿ ಕೂತುಬಿಡಬಹುದು. ಕ್ಯಾಶ್ ದಾಟಿ ಡಿಸ್ಕಿಗೇ ಬರೆಸಲು ಎಫ್_ಫುಲ್‌ಎಫ್‌ಸಿಂಕ್ ಅಂತ ಬೇರೆಯೇ ಕೇಳಬೇಕು. ಲಿನಕ್ಸ್‌ನದು ಮತ್ತೊಂದು ತಕರಾರು: ಎಫ್‌ಸಿಂಕ್ ಒಮ್ಮೆ ಫೇಲಾದ ಮೇಲೆ ಮತ್ತೆ ಕರೆದರೆ, ಬರೆಯದೆಯೇ ‘ಸರಿ’ ಅಂದುಬಿಡಬಹುದು. 2018ರಲ್ಲಿ ಇದು ಬಯಲಾದ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸಿನವರು, ಫೇಲಾದರೆ ಸರ್ವರ್ ಕ್ರ್ಯಾಶ್ ಮಾಡಿಕೊಂಡು, ಬದಲಾವಣೆಗಳನ್ನು ಮೊದಲೇ ಬರೆದಿಟ್ಟ ಲಾಗ್‌ನಿಂದ ಚೇತರಿಸಿಕೊಳ್ಳಲಿ ಎಂದು ಬದಲಾಯಿಸಿದರು. ನನಗಂತೂ ಆ ಒರಟುತನವೇ ಸರಿ ಅನಿಸುತ್ತದೆ.

ಟಿಕ್ ತೆಗೆದೆ. ವೇಗ ಸೆಕೆಂಡಿಗೆ ಮೂವತ್ತರ ಹತ್ತಿರ ಇಳಿಯಿತು. ಆಮೇಲೆ ಪರೀಕ್ಷೆ: ಕಮಿಟ್ ಆದ ಪ್ರತಿ ನಂಬರು ನೆಟ್‌ವರ್ಕ್‌ನಲ್ಲಿ ನನ್ನ ಲ್ಯಾಪ್‌ಟಾಪಿಗೆ ಬರುವಂತೆ ಮಾಡಿ, ‘ಈಗ ಕೀಳ್ರಿ’ ಅಂದೆ. ಸಾವಕಾರ್ರೇ ಪ್ಲಗ್ ಕಿತ್ತರು. ಮತ್ತೆ ಚಾಲೂ ಮಾಡಿದಾಗ, ಲ್ಯಾಪ್‌ಟಾಪಿನಲ್ಲಿದ್ದ ಕೊನೆಯ ನಂಬರು ಡೇಟಾಬೇಸಿನಲ್ಲೂ ಇರಬೇಕು. ಅದರ ಮುಂದಿನ ಒಂದು ಇದ್ದರೂ ತಪ್ಪಲ್ಲ, ಕಮಿಟ್ ಆಗಿ ನನಗೆ ಕಳಿಸುವ ಮುನ್ನ ಕರೆಂಟ್ ಹೋಗಿರಬಹುದು. ಒಂದು ಸಲ ಉಳಿದರೆ ನಂಬಲಾಗದು, ಸಂಜೆತನಕ ಕೀಳಿಸುತ್ತಲೇ ಇದ್ದೆ. ಒಂದೂ ತಪ್ಪಲಿಲ್ಲ.

‘ಕೆಲಸ ಸ್ಲೋ ಆಗಂಗಿಲ್ಲೇನ್ರೀ?’

‘ಹಮಾಲ ಒಂದು ಬಾಕ್ಸ್ ಇಳಿಸೂದ್ರಾಗ ಹತ್ತು ಚೀಟಿ ಬರೀತದ್ರಿ.’

ಕ್ಲರ್ಕ್ ಆಗಲೇ ರೈತನ ಚೀಟಿ ನೋಡಿಕೊಂಡು ಆ ನಂಬರು ಹೊಡೆಯುತ್ತಿದ್ದ.