ಚೆನ್ನಿ ಎಡವೋ ಕೇಸು: ಗೊರಸಿನ ಅಪ್‌ಡೇಟ್

ಗೊತ್ತಿಲ್ಲದವರಿಗೆ, ಚೆನ್ನಿ ನಮ್ಮ ಹೆಣ್ಣು ಕುದುರೆ, ನಡಿಗೇಲಿ ಆರಾಮ್ ಇರ್ತಾಳೆ, ಟ್ರಾಟ್‌ಗೆ, ಅಂದ್ರೆ ಸಣ್ಣ ಓಟಕ್ಕೆ, ಬಿಟ್ಟ ಕೂಡ್ಲೆ ಮುಂದಿನ ಎಡಗಾಲು ಮುಗ್ಗರಿಸ್ತಾಳೆ, ಅದೂ ಭದ್ರಾ ಚಾನಲ್ ಏರಿ ಇಳಿಯುವಾಗ ಜಾಸ್ತಿ. ಊರಲ್ಲಿ ಇದಕ್ಕೆ ಎರಡೇ ಉತ್ತರ, ಸೋಮಾರಿ ಕುದುರೆ ಇಲ್ಲಾ ಸುಳಿ ಸರಿ ಇಲ್ಲ. ದೊಡ್ಡಪ್ಪ ಅಂತೂ ಬಂದು ಮೈಯೆಲ್ಲಾ ಸವರಿ "ಮಾರಿಬಿಡಪ್ಪ, ಸವಾರನ್ನ ಕೆಡವೋ ಸುಳಿ ಐತಿ" ಅಂದ್ರು. ಗೊರಸು ಮಾತ್ರ ಎತ್ತಿ ನೋಡ್ಲಿಲ್ಲ.

ಮೊಬೈಲ್‌ನ ನೆಲಕ್ಕೇ ಇಟ್ಟು ಪಕ್ಕದಿಂದ ಸ್ಲೋ ಮೋಷನ್ ವಿಡಿಯೋ ಮಾಡ್ದೆ. ಕುದುರೆ ಹಿಮ್ಮಡಿ ಮೊದ್ಲು ಊರ್ಬೇಕು, ಇಲ್ಲಾ ಸಪಾಟಾಗಿ ಊರ್ಬೇಕು, ಇವಳು ಗೊರಸಿನ ಮೂತಿ, ಅಂದ್ರೆ ಮುಂದಿನ ತುದಿ, ಮೊದ್ಲು ಊರ್ತಾಳೆ, ಅಂದ್ರೆ ಹಿಂದ್ಗಡೆ ಏನೋ ನೋವು, ಅದನ್ನ ತಪ್ಪಿಸ್ಕೊಳ್ಳೋಕೆ ಹೋಗಿ ಎಡವ್ತಾಳೆ. ವಿಡಿಯೋ ಡಾಕ್ಟ್ರಿಗೆ ಕಳಿಸ್ದೆ.

ಡಾಕ್ಟ್ರು ಬಂದವರು ಕಾಲು ಮುಟ್ಲೇ ಇಲ್ಲ ಮೊದ್ಲು. ಸಣ್ಣ ಸುತ್ತು ಹೊಡೆಸಿದ್ರು, ಹಿಂದಕ್ಕೆ ನಡೆಸಿದ್ರು, ನಡೀತಿರುವಾಗ ಬಾಲ ಪಕ್ಕಕ್ಕೆ ಎಳೆದು ನೋಡಿದ್ರು, ಬೆನ್ನುಹುರಿ ನರದ ತೊಂದ್ರೆ ಇದ್ರೂ ಎಡವ್ತಾವಂತೆ. ಸರ್ರಾ ಅಂತ ನೊಣ ಕಚ್ಚಿ ರಕ್ತಕ್ಕೆ ಪರಾವಲಂಬಿ ಸೇರೋ ರೋಗ, ಅದಕ್ಕೆ ರಕ್ತ ಟೆಸ್ಟ್‌ಗೂ ಕಳಿಸಿದ್ರು, ಕ್ಲೀನ್ ಬಂತು. ಆಮೇಲೆ ಇಕ್ಕಳ ಥರದ್ದರಲ್ಲಿ ಗೊರಸು ಒತ್ತಿದಾಗ ಹಿಂಭಾಗಕ್ಕೆ ಬಂದ ತಕ್ಷಣ ಕಾಲು ಕಿತ್ಕೊಂಡ್ಳು. ಖಾತ್ರಿಗೆ ಗೊರಸಿನ ಮೇಲ್ಗಡೆ ಹಿಂದಿನ ನರಕ್ಕೆ ಮರಗಟ್ಟೋ ಇಂಜೆಕ್ಷನ್ ಕೊಟ್ರು, ಸ್ವಲ್ಪ ಹೊತ್ತಿಗೆ ಅದೇ ಕಾಲು ಹಿಮ್ಮಡಿ ಮೊದ್ಲು ಊರ್ತು ನೋಡ್ರಿ, ನನಗಂತೂ ಮೈ ಜುಂ ಅಂತು!

ಎಕ್ಸ್‌ರೇಲಿ ನ್ಯಾವಿಕುಲರ್ ಮೂಳೆ, ಅಂದ್ರೆ ಗೊರಸಿನೊಳಗೆ ಹಿಂಭಾಗದಲ್ಲಿರೋ ಸಣ್ಣ ಮೂಳೆ, ಸದ್ಯಕ್ಕೆ ಚೆನ್ನಾಗೇ ಇದೆ, ಆದ್ರೆ ಮೂತಿ ಉದ್ದ ಬೆಳೆದು ಹಿಮ್ಮಡಿ ಕುಸಿದು ಮುಂದಕ್ಕೆ ಮಲಗಿದೆ. ಪಕ್ಕದಿಂದ ನೋಡಿದ್ರೆ ಗೊರಸಿನ ಮೇಲಿನ ಕಾಲಿನ ಗೆರೆ, ಗೊರಸಿನ ಗೆರೆ ಒಂದೇ ನೇರಕ್ಕಿರ್ಬೇಕು, ಇವಳದು ಮಧ್ಯೆ ಮುರಿದಂಗೆ ಹಿಂದಕ್ಕೆ ಬಾಗಿದೆ. ಜೊತೆಗೆ ಅಡಿಭಾಗದ ಸಂದೀಲಿ ಕಪ್ಪಗೆ ಕೊಳೆತು ನಾರ್ತಿತ್ತು, ಥ್ರಷ್ ಅಂತಾರೆ. ಚಾನಲ್‌ಗೆ ನೀರು ಬಿಟ್ರೆ ನಮ್ಮ ಕಡೆ ಎರೆಮಣ್ಣು ಒಣಗೋದೇ ಇಲ್ಲ, ಇನ್ನೇನಾಗತ್ತೆ. ಡಾಕ್ಟ್ರು ಹೇಳಿದ ಹಾಗೆ ದಿನಾ ಕೆರೆದು ತೊಳೆದು ಒಣಗಿಸಿ, ಮೈಲುತುತ್ತ ಹಚ್ಚಿದ ಹತ್ತಿ ತುರುಕ್ತಿದೀನಿ, ನಿಲ್ಲೋ ಜಾಗಕ್ಕೆ ರೈಸ್‌ಮಿಲ್ ಉಮಿ ಸುರಿದಿದೀನಿ. ಟಿಟಿ ಇಂಜೆಕ್ಷನ್ನೂ ಆಯ್ತು, ಕುದುರೆಗೆ ಧನುರ್ವಾಯು ಬೇಗ ಬರತ್ತೆ. ಮೆಕ್ಕೆಜೋಳ ಬಂದ್, ದಾವಣಗೆರೇಲಿ ಇದ್ಕೊಂಡು ಮೆಕ್ಕೆಜೋಳ ಕೊಡಬೇಡ ಅಂದ್ರೆ ಜನ ನಗ್ತಾರೆ, ಆದ್ರೆ ಪಿಷ್ಟ ಜಾಸ್ತಿಯಾದ್ರೆ ಗೊರಸಿನ ಒಳಪದರಕ್ಕೇ ಉರಿ ಹತ್ತತ್ತೆ.

ಲಾಳದ್ದೇ ದೊಡ್ಡ ಕಥೆ. ಎತ್ತಿಗೆ ಲಾಳ ಕಟ್ಟೋರು ಸಂತೇಲಿ ಸಿಗ್ತಾರೆ, ಕುದುರೆಗೆ ಹೊಡೆಯೋರು ಕಮ್ಮಿ. ರಾಣೆಬೆನ್ನೂರು ಕಡೆಯಿಂದ ಬಂದ ಸಾಬ್ರು "ಮೂತಿ ಇಷ್ಟು ತೆಗದ್ರ ಚಂದ ಕಾಣಂಗಿಲ್ರಿ" ಅಂತ ಹಿಂದೇಟು ಹಾಕಿದ್ರು, ಎಕ್ಸ್‌ರೇ ತೋರಿಸಿದ್ಮೇಲೆ ಅವರೇ ಸೀಮೆಸುಣ್ಣ ತಗೊಂಡು ಎಲ್ಲೀತನಕ ಅಂತ ಗೆರೆ ಎಳೆದ್ರು. ಲಾಳ ಹಿಂದಕ್ಕೆ ಸರಿಸಿ ಕೂರಿಸಿ, ಮುಂದಿನ ಅಂಚು ಗುಂಡಗೆ ಮಾಡಿದ್ರು, ಕಾಲು ಬೇಗ ಮಗುಚ್ಲಿ ಅಂತ, ತುದಿಗಳನ್ನ ಹಿಮ್ಮಡಿಗೆ ಆಸರೆ ಸಿಗೋ ಹಾಗೆ ಉದ್ದ ಬಿಟ್ರು. ಕೈ ಅಂದ್ರೆ ಕೈ ಮಾರಾಯ್ರೆ.

ಈಗ ಸಪಾಟು ನೆಲದಲ್ಲಿ ಎಡವೋದು ಹೆಚ್ಚೂಕಮ್ಮಿ ನಿಂತಿದೆ, ಇಳಿಜಾರಲ್ಲಿ ಸುಸ್ತಾದಾಗ ಇನ್ನೂ ಇದೆ. ಇದು ನೋವು ಕಮ್ಮಿ ಮಾಡೋ ಪುಡಿ ನಿಲ್ಸಿದ್ಮೇಲಿನ ಲೆಕ್ಕ, ಪುಡಿ ಕೊಟ್ಟು ಟ್ರಾಟ್ ನೋಡಿ ಸರಿಹೋಯ್ತು ಅನ್ನೋದೆಲ್ಲ ಸುಳ್ಳು ಲೆಕ್ಕ. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯತ್ತೆ, ಮುಂಭಾಗ ಪೂರ್ತಿ ಹೊಸದಾಗೋಕೆ ವರ್ಷದ ಹತ್ರ ಬೇಕು, ಹಾಗಾಗಿ ಲಾಳ ಬಿದ್ದಾಗ ಕರೆಯೋದು ಬಿಟ್ಟು ಇನ್ಮೇಲೆ 5-6 ವಾರಕ್ಕೊಮ್ಮೆ ಮಾಡಿಸ್ತೀನಿ.

ಜಗಳ ಉಳಿದಿರೋದು ಒಂದೇ. ಹಿಮ್ಮಡಿ ಕೆಳಗೆ ಬೆಣೆ ಥರದ ಪ್ಯಾಡ್ ಕೊಟ್ಟು ಎತ್ತರಿಸೋಣ ಅಂತ ಡಾಕ್ಟ್ರು, ಕುಸಿದ ಹಿಮ್ಮಡಿ ಮೇಲೆ ಇನ್ನೂ ಭಾರ ಬಿದ್ದು ಮತ್ತಷ್ಟು ಕುಸಿಯತ್ತೆ ಅಂತ ಸಾಬ್ರು. ಇಬ್ಬರ ಮಾತಲ್ಲೂ ಹುರುಳಿದೆ. ಮುಂದಿನ ಲಾಳದ ದಿನ ಇನ್ನೊಂದು ಎಕ್ಸ್‌ರೇ ತೆಗೆಸಿ ಇಬ್ಬರನ್ನೂ ಒಟ್ಟಿಗೆ ಕೂರಿಸ್ತೀನಿ, ಮಂಡಕ್ಕಿ ಮಿರ್ಚಿ ಖರ್ಚು ನಂದು.