ನೀಲಿ ಕಂಡ ಕಡೆಯೆಲ್ಲ ಕ್ಯಾನ್ಸರ್ ಇರುವುದಿಲ್ಲ

ಲ್ಯಾಬಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಕಣದ ಸೈಜ್ ಎಷ್ಟು, ಆಂಟಿಬಾಡಿ ಯಾವುದು ಅಂತ. ನಾನು ಮೊದಲು ಕೇಳುವುದು ಕಂಟ್ರೋಲ್ ಸ್ಲೈಡ್, ಅಂದರೆ ಹೋಲಿಸಿ ನೋಡುವ ಸ್ಲೈಡ್, ಎಲ್ಲಿ ಅಂತ.

ನಮ್ಮ ಕೆಲಸ ಹೇಳಲು ಸುಲಭ. ಐರನ್ ಆಕ್ಸೈಡ್ ನ್ಯಾನೊ ಕಣಗಳಿಗೆ ಆಂಟಿಬಾಡಿ ಅಂಟಿಸುತ್ತೇವೆ. ಅದು ಪಿಎಸ್ಎಂಎ ಎಂಬ ಪ್ರೋಟೀನನ್ನು ಹಿಡಿಯುತ್ತದೆ, ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಪೊರೆಯಲ್ಲಿ ಸಾಮಾನ್ಯವಾಗಿ ಇದು ಜಾಸ್ತಿ. ಅಂಗಾಂಶದ ತೆಳು ಸೆಕ್ಷನ್ ಮೇಲೆ ಕಣಗಳನ್ನು ಹಾಕಿ, ಚೆನ್ನಾಗಿ ತೊಳೆದು, ಉಳಿದ ಕಬ್ಬಿಣ ಎಲ್ಲಿದೆ ಅಂತ ಕಬ್ಬಿಣವನ್ನು ನೀಲಿಯಾಗಿಸುವ ಪ್ರಷ್ಯನ್ ಬ್ಲೂ ಸ್ಟೇನ್ ಹಾಕಿ ನೋಡುತ್ತೇವೆ.

ಆದರೆ ಆ ಸ್ಟೇನಿಗೆ ಗೊತ್ತಿರುವುದು ಕಬ್ಬಿಣ ಮಾತ್ರ. ಹಿಂದೆ ರಕ್ತಸ್ರಾವ ಆಗಿದ್ದ ಜಾಗದಲ್ಲಿ ಹೀಮೋಸಿಡೆರಿನ್ ಎಂಬ ಕಬ್ಬಿಣದ ಶೇಷ ಉಳಿದಿದ್ದರೆ ಅದೂ ನೀಲಿಯಾಗುತ್ತದೆ, ನಮ್ಮ ಕಣ ಅಲ್ಲಿಗೆ ಹೋಗಿರಲೇಬೇಕು ಅಂತಿಲ್ಲ. ಸೆಕ್ಷನ್ ಮಡಚಿಕೊಂಡಿದ್ದರೆ ಆ ಮಡಿಕೆಯೊಳಗೆ ಕಣಗಳು ಸುಮ್ನೆ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಕಂಟ್ರೋಲ್ ಆಗಿ ಕಣ ಹಾಕದ ಒಂದು ಸ್ಲೈಡ್ ಬೇಕು, ಪಿಎಸ್ಎಂಎ ಹಿಡಿಯದ ಬೇರೆ ಆಂಟಿಬಾಡಿ ಅಂಟಿಸಿದ ಕಣ ಹಾಕಿದ್ದೊಂದು ಬೇಕು. ಲ್ಯಾಬಿನಲ್ಲಿ ಬೆಳೆಸಿದ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ಪರೀಕ್ಷೆ ಮಾಡುವುದಾದರೆ ಎಲ್ಎನ್‌ಕ್ಯಾಪ್ ಕೋಶಗಳಲ್ಲಿ ಪಿಎಸ್ಎಂಎ ಇದೆ, ಪಿಸಿ-3ರಲ್ಲಿ ಇಲ್ಲ. ಎರಡೂ ಒಂದೇ ಥರ ನೀಲಿಯಾದರೆ ಅಂಗಾಂಶಕ್ಕೆ ಹೋಗುವ ಮಾತೇ ಇಲ್ಲ.

ಜಾಸ್ತಿ ಕಾಡುವುದು ಅಂಟಿಸುವ ಹಂತ. ಇಡಿಸಿ ಎಂಬ ಜೋಡಿಸುವ ರಾಸಾಯನಿಕ ಹಾಕಿ ಕಣದ ಕಾರ್ಬಾಕ್ಸಿಲ್ ಗುಂಪಿಗೆ ಆಂಟಿಬಾಡಿಯ ಅಮೈನ್ ಗುಂಪು ಜೋಡಿಸುವವರು ಆಂಟಿಬಾಡಿ ಯಾವ ದ್ರಾವಣದಲ್ಲಿ ಬಂದಿದೆ ಅಂತ ಬಾಟಲಿಯ ಲೇಬಲ್ ಓದಲೇಬೇಕು. ಅದರಲ್ಲಿ ಟ್ರಿಸ್ ಅಥವಾ ಗ್ಲೈಸಿನ್ ಎಂಬ ಸಣ್ಣ ಅಣುಗಳು ಇದ್ದರೆ ಅವುಗಳ ಅಮೈನೇ ಮೊದಲು ಹೋಗಿ ಸೀಟು ಹಿಡಿಯುತ್ತದೆ. ಇನ್ನು ಆಂಟಿಬಾಡಿ ಕೆಡದಿರಲಿ ಅಂತ ಬಿಎಸ್ಎ ಎಂಬ ಹಸುವಿನ ರಕ್ತದ ಪ್ರೋಟೀನ್ ಬೆರೆಸಿದ್ದರಂತೂ ಕಣದ ಮೇಲೆ ಬಹುಪಾಲು ಬಿಎಸ್ಎ ಕೂರುತ್ತದೆ, ಆಮೇಲೆ ಪ್ರೋಟೀನ್ ಅಳೆದರೆ ಪ್ರೋಟೀನ್ ಇದೆ, ಸೈಜ್ ನೋಡಿದರೆ ಸ್ವಲ್ಪ ದೊಡ್ಡದಾಗಿದೆ, ಎಲ್ಲವೂ ಸರಿ ಅನ್ನಿಸುತ್ತದೆ, ಹಿಡಿಯಬೇಕಾದದ್ದನ್ನು ಮಾತ್ರ ಹಿಡಿಯುವುದಿಲ್ಲ! ಮೊದಲೇ ಸಣ್ಣ ಅಣುಗಳನ್ನು ತೆಗೆಯುವ ಡಯಾಲಿಸಿಸ್ ಅಥವಾ ಡಿಸಾಲ್ಟಿಂಗ್ ಕಾಲಮ್ ಮಾಡಿದರೆ ಟ್ರಿಸ್ ಹೋಗುತ್ತದೆ, ಬಿಎಸ್ಎ ಹೋಗುವುದಿಲ್ಲ, ದೊಡ್ಡ ಪ್ರೋಟೀನ್ ಅಲ್ವಾ. ಬಿಎಸ್ಎ ಇಲ್ಲದ್ದನ್ನೇ ತರಿಸುವುದು ವಾಸಿ.

ಆಂಟಿಬಾಡಿ ಆರಿಸುವಾಗಲೂ ಅಷ್ಟೇ. ಜೆ591 ಎಂಬ ಆಂಟಿಬಾಡಿ ಪಿಎಸ್ಎಂಎಯ ಹೊರಭಾಗವನ್ನು ಹಿಡಿಯುತ್ತದೆ, 7ಇ11 ಕೋಶದ ಒಳಗಿರುವ ತುದಿಯನ್ನು. ಕತ್ತರಿಸಿದ ಸೆಕ್ಷನ್‌ನಲ್ಲಿ ಎರಡಕ್ಕೂ ದಾರಿ ಇದೆ, ಜೀವಂತ ಇಡೀ ಕೋಶದಲ್ಲಿ ಎರಡನೆಯದಕ್ಕೆ ಇಲ್ಲ. ಕೆಡದಂತೆ ಫಾರ್ಮಲಿನ್ ಹಾಕಿದ ಅಂಗಾಂಶದಲ್ಲಿ ಮತ್ತೆ ಬೇರೆ ಲೆಕ್ಕ, ತಾಜಾ ಕೋಶದಲ್ಲಿ ಚೆನ್ನಾಗಿ ನಡೆದದ್ದು ಅಲ್ಲಿ ನಡೆಯದೆ ಇರಬಹುದು.

ಇಷ್ಟೆಲ್ಲ ಸರಿಯಿದ್ದರೂ ನೀಲಿ ಕಂಡಿತು ಅಂದರೆ ಪಿಎಸ್ಎಂಎ ಸಿಕ್ಕಿತು ಅಂತ ಅಷ್ಟೇ. ಆರೋಗ್ಯವಾಗಿರುವ ಪ್ರಾಸ್ಟೇಟಿನಲ್ಲೂ ಅದು ಸ್ವಲ್ಪ ಇರುತ್ತದೆ, ಕೆಲವು ಕ್ಯಾನ್ಸರುಗಳಲ್ಲಿ ಇರುವುದೇ ಇಲ್ಲ. ಆದ್ದರಿಂದ ಪಕ್ಕದ ಸೆಕ್ಷನ್‌ಗೆ ಅಂಗಾಂಶದ ರಚನೆ ತೋರಿಸುವ ಎಚ್ ಅಂಡ್ ಇ ಸ್ಟೇನ್ ಮಾಡಿಸಿ, ಎಲ್ಲ ಸ್ಲೈಡುಗಳ ಹೆಸರು ಮುಚ್ಚಿ, ಬರೀ ನಂಬರ್ ಬರೆದು ಪೆಥಾಲಜಿಸ್ಟ್ ಹತ್ತಿರ ಕೊಡಿ. ಕಂಟ್ರೋಲ್ ಯಾವುದು ಅಂತ ಅವರು ಕೇಳಿದರೂ ಓದಿ ಮುಗಿಸುವ ತನಕ ಹೇಳಬೇಡಿ.