ಗಿಟಾರ್ ಕೆಳಗಿಟ್ಟ ಮೇಲೆ ಕೈಗೇನು ಕೆಲಸ?

2024 ಡಿಸೆಂಬರ್ 20, ಶುಕ್ರವಾರ

1960ರ ಇದೇ ತಾರೀಖು ಅಮೆರಿಕದಲ್ಲಿ 'ಫ್ಲೇಮಿಂಗ್ ಸ್ಟಾರ್' ತೆರೆಗೆ ಬಂತು. ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೀಸ್ಲಿ ಸೇನೆಯ ಸೇವೆ ಮುಗಿಸಿ ಮರಳಿದ ವರ್ಷ ಅದು. ಹಿಂದಿನ ತಿಂಗಳಷ್ಟೇ ಬಿಡುಗಡೆಯಾಗಿದ್ದ 'ಜಿ.ಐ. ಬ್ಲೂಸ್' ಹಾಡು ಕುಣಿತಗಳ ಬಲದಿಂದ ಚೆನ್ನಾಗಿ ಓಡುತ್ತಿತ್ತು. ಅದರ ಬೆನ್ನಿಗೇ ಬಂದ ಈ ಕೌಬಾಯ್ ಚಿತ್ರದಲ್ಲಿ, ಅಂದರೆ ವೆಸ್ಟರ್ನ್‌ನಲ್ಲಿ ಟೈಟಲ್ ಕಾರ್ಡ್‌ಗಳ ಜೊತೆ ಒಂದು ಹಾಡು, ಮೊದಲ ಕೆಲವು ನಿಮಿಷಗಳಲ್ಲಿ ಮನೆಯೊಳಗಿನ ಹುಟ್ಟುಹಬ್ಬದ ಊಟದ ಹೊತ್ತಿಗೆ ಇನ್ನೊಂದು. ಅಲ್ಲಿಗೆ ಹಾಡು ಮುಗಿಯಿತು. ಆಮೇಲೆ ಎಲ್ವಿಸ್ ಬಾಯಲ್ಲಿ ಬರುವುದು ಬರೀ ಮಾತು, ಅದೂ ಅಳೆದು ತೂಗಿ.

ಜನಪ್ರಿಯ ಗಾಯಕನನ್ನು ವೆಸ್ಟರ್ನ್‌ಗೆ ತಂದು ಗಂಭೀರ ಪಾತ್ರ ಕೊಟ್ಟರೆ ಎಲ್ಲಿ ಕೆಡುತ್ತದೆ ಅನ್ನುವುದಕ್ಕೆ ಎಲ್ವಿಸ್‌ನ ಮೊದಲ ಚಿತ್ರವೇ ಸಾಕ್ಷಿ. 1956ರ 'ಲವ್ ಮಿ ಟೆಂಡರ್'ಗೆ ಮೊದಲು ಇಟ್ಟಿದ್ದ ಹೆಸರು 'ದಿ ರೆನೊ ಬ್ರದರ್ಸ್'. ಅಮೆರಿಕದ ಅಂತರ್ಯುದ್ಧ ಮುಗಿದ ಕಾಲದ ಅಣ್ಣತಮ್ಮಂದಿರ ಕಥೆ. ಅಣ್ಣ ಸತ್ತನೆಂದು ನಂಬಿ ಅವನ ಪ್ರೇಯಸಿಯನ್ನು ಮದುವೆಯಾಗುವ ಕಿರಿಯ ತಮ್ಮನ ಪಾತ್ರ ಎಲ್ವಿಸ್‌ನದು. ಟೈಟಲ್‌ನಲ್ಲಿ ಅವನ ಹೆಸರು ಮೂರನೆಯದು. ಚಿತ್ರ ಬರುವ ಮೊದಲೇ ಹಾಡಿನ ರೆಕಾರ್ಡಿಗೆ ಹತ್ತು ಲಕ್ಷಕ್ಕೂ ಮೀರಿ ಮುಂಗಡ ಬೇಡಿಕೆ ಬಂತು. ಚಿತ್ರದ ಹೆಸರೇ ಬದಲಾಯಿತು, ಹಾಡು ನಾಲ್ಕಾದವು. 1865ರ ಹಳ್ಳಿ ಜಾತ್ರೆಯಲ್ಲಿ ಹುಡುಗ 1956ರ ಸೊಂಟ ಕುಣಿಸುತ್ತಾನೆ. ಅವನು ಸಾಯುವುದನ್ನು ಅಭಿಮಾನಿಗಳು ಸಹಿಸಲಿಕ್ಕಿಲ್ಲ ಎಂಬ ಭಯಕ್ಕೆ, ಕೊನೆಯಲ್ಲಿ ಸಮಾಧಿಯ ದೃಶ್ಯದ ಮೇಲೆ ಅವನ ನೆರಳಿನಂಥ ಬಿಂಬವನ್ನು ಮೂಡಿಸಿ ಹಾಡಿಸಿದರು. ನಮ್ಮ ಕಂಪನಿ ನಾಟಕಗಳಲ್ಲಿ 'ಒನ್ಸ್ ಮೋರ್' ಕೂಗಿಗೆ ಸತ್ತ ಪಾತ್ರ ಎದ್ದು ಕೂತು, ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸಾಯುತ್ತಿತ್ತು ಅಂತ ಹೇಳುವುದುಂಟು. ಹಾಲಿವುಡ್ ಅದನ್ನೇ, ಒಂದು ದೃಶ್ಯದ ಮೇಲೆ ಇನ್ನೊಂದನ್ನು ಮೂಡಿಸುವ ಆಪ್ಟಿಕಲ್ ಪ್ರಿಂಟರ್‌ನಲ್ಲಿ ಮಾಡಿತು.

'ಫ್ಲೇಮಿಂಗ್ ಸ್ಟಾರ್' ಈ ತಪ್ಪನ್ನು ಹೆಚ್ಚುಕಡಿಮೆ ತಿದ್ದಿಕೊಂಡಿತು. ನಿರ್ದೇಶಕ ಡಾನ್ ಸೀಗಲ್. ಪಾತ್ರವನ್ನು ಮೊದಲು ಮರ್ಲಾನ್ ಬ್ರಾಂಡೊಗೆಂದು ಯೋಚಿಸಿದ್ದರು. ಇದಕ್ಕೂ ನಾಲ್ಕು ಹಾಡು ರೆಕಾರ್ಡ್ ಆಗಿದ್ದವು, ಅದರಲ್ಲಿ ಎರಡು ಎಡಿಟಿಂಗ್ ಮೇಜಿನ ಮೇಲೆ ಹೋದವು. ಉಳಿದ ಹುಟ್ಟುಹಬ್ಬದ ಹಾಡು ಇರುವ ಜಾಗವೂ ಸರಿಯಾಗಿದೆ. ಮನೆ ತುಂಬ ನೆರೆಹೊರೆಯವರು, ಗಿಟಾರ್, ನಗು. ಆ ಅತಿಥಿಗಳಲ್ಲೇ ಒಂದು ಕುಟುಂಬ ಅದೇ ರಾತ್ರಿ ಅಮೆರಿಕದ ಮೂಲನಿವಾಸಿಗಳಾದ ಕಯೊವಾ ಜನರ ದಾಳಿಗೆ ಬಲಿಯಾಗುತ್ತದೆ. ನಗುವ ಎಲ್ವಿಸ್‌ನನ್ನು ಪ್ರೇಕ್ಷಕ ನೋಡುವುದು ಅದೇ ಕೊನೆ.

ಅವನ ಪಾತ್ರ ಪೇಸರ್ ಬರ್ಟನ್‌ಗೆ ತಾಯಿ ಕಯೊವಾ, ತಂದೆ ಬಿಳಿಯ. ತಾಯಿಯಾಗಿ ಮೆಕ್ಸಿಕೊದ ಡೊಲೊರೆಸ್ ಡೆಲ್ ರಿಯೊ. ಎರಡೂ ಕಡೆಯವರು 'ನೀನು ಯಾರ ಪಕ್ಷ' ಅಂತ ಕೇಳುತ್ತಾರೆ. ತಾಯಿಗೆ ಗುಂಡು ತಗುಲಿದಾಗ ಡಾಕ್ಟರನ್ನು ಕಳಿಸಲು ಊರವರು ಒಪ್ಪುವುದಿಲ್ಲ. ಪೇಸರ್ ಡಾಕ್ಟರನ ಪುಟ್ಟ ಮಗಳನ್ನೇ ಒತ್ತೆ ಹಿಡಿದು ಅವನನ್ನು ಹೊರಡಿಸುತ್ತಾನೆ. ಇಲ್ಲಿ ಎಲ್ವಿಸ್ ಚೆನ್ನಾಗಿದ್ದಾನೆ. ಕೂಗಾಡದೆ ಸಿಟ್ಟನ್ನು ದವಡೆಯಲ್ಲೇ ಹಿಡಿದಿದ್ದಾನೆ. ಉದ್ದ ಮಾತು ಬಂದ ಕಡೆ ಮಾತ್ರ ಹಳೆಯ ಅಭ್ಯಾಸ ಕಾಣುತ್ತದೆ: ಪ್ರತಿ ಸಾಲನ್ನೂ ಪಲ್ಲವಿಯಂತೆ ಎತ್ತಿ, ಕೊನೆಯ ಪದವನ್ನು ಇಳಿಸಿ ಮುಗಿಸುವುದು. ಗಾಯಕರಿಗೆ ಇದು ಅಂಟಿದ ಚಾಳಿ. ಹಾಡಿನಲ್ಲಿ ಸಾಲು ಮುಗಿದರೆ ಕೆಲಸ ಮುಗಿಯಿತು. ಅಭಿನಯದಲ್ಲಿ ಸಾಲು ಮುಗಿದ ಮೇಲೆ ಎದುರಿನವನ ಮಾತು ಕೇಳಿಸಿಕೊಳ್ಳುವ ಕೆಲಸ ಇದೆ. ಸೀಗಲ್ ಆದಷ್ಟು ಅವನನ್ನು ಕುದುರೆ ಮೇಲೆ, ಬಾಗಿಲ ಬಳಿ, ಏನಾದರೊಂದು ಮಾಡುತ್ತಲೇ ಇರುವಂತೆ ಇಟ್ಟಿದ್ದಾನೆ. ಕೊನೆಯ ದೃಶ್ಯದಲ್ಲಂತೂ ಸಾಯುವ ಗಾಯ ಹೊತ್ತು ಬಂದ ಪೇಸರ್ ಕುದುರೆಯಿಂದ ಇಳಿಯುವುದೇ ಇಲ್ಲ. ಸಾವಿನ ನಕ್ಷತ್ರ ಕಂಡಿದ್ದೇನೆಂದು ಹೇಳಿ ಹಾಗೇ ಹೊರಟುಹೋಗುತ್ತಾನೆ. ಹೆಚ್ಚು ಮಾತು ಕೊಡದೆ ಸೀಗಲ್ ಒಳ್ಳೆಯದು ಮಾಡಿದ.

ಕಲಾವಿದ ಆಂಡಿ ವಾರ್ಹೋಲ್ 1963ರಲ್ಲಿ ಬೆಳ್ಳಿ ಬಣ್ಣದ ಕ್ಯಾನ್ವಾಸಿನ ಮೇಲೆ ಮತ್ತೆ ಮತ್ತೆ ಅಚ್ಚೊತ್ತಿದ ಎಲ್ವಿಸ್ ಈ ಚಿತ್ರದ ಪ್ರಚಾರದ ಸ್ಟಿಲ್‌ನಿಂದ ಬಂದವನು. ಜಗತ್ತಿನ ಅತಿ ದೊಡ್ಡ ಗಾಯಕನ ಆ ಚಿತ್ರದಲ್ಲಿ ಗಿಟಾರ್ ಇಲ್ಲ, ಪಿಸ್ತೂಲಿದೆ.

ಕೈಗೆ ಏನು ಕೊಡಬೇಕು ಅನ್ನುವುದೇ ಅಸಲು ಪ್ರಶ್ನೆ. ಮೈಕು, ಗಿಟಾರ್ ಹಿಡಿದು ಪಳಗಿದ ಕೈ ಬರಿದಾದ ಕೂಡಲೇ ಗಾಯಕ ಕ್ಯಾಮೆರಾ ಮುಂದೆ ಪೆಚ್ಚಾಗುತ್ತಾನೆ. ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ನಿರ್ದೇಶಕ ಹಾವರ್ಡ್ ಹಾಕ್ಸ್‌ಗೆ, 1959ರ 'ರಿಯೊ ಬ್ರಾವೊ'ದಲ್ಲಿ. ಗಾಯಕ ಡೀನ್ ಮಾರ್ಟಿನ್ ಆಗ ಹಾಸ್ಯನಟ ಜೆರಿ ಲೂಯಿಸ್ ಜೋಡಿ ಮುರಿದುಕೊಂಡು ಮೂರು ವರ್ಷ. ಮೊದಲು ಉಡುಪು ಹಾಕಿಕೊಂಡು ಬಂದಾಗ ಸಂಗೀತ ನಾಟಕದ ಕೌಬಾಯ್ ಥರ ಠಾಕುಠೀಕಾಗಿದ್ದನಂತೆ. ತನಗೆ ಬೇಕಿರುವುದು ಕುಡುಕ ಎಂದು ವಾಪಸ್ ಕಳಿಸಿದೆ ಅಂತ ಹಾಕ್ಸ್ ಹೇಳಿಕೊಂಡಿದ್ದಾನೆ. ಎರಡನೇ ಸಲ ಬಂದಿದ್ದು ಕೊಳಕು ಹ್ಯಾಟು, ಹರಕು ಅಂಗಿ.

ಚಿತ್ರದ ಮೊದಲ ಕೆಲವು ನಿಮಿಷ ಒಂದೂ ಮಾತಿಲ್ಲ. ಕುಡಿಯಲು ಕಾಸಿಲ್ಲದ ಡ್ಯೂಡ್ (ಮಾರ್ಟಿನ್ ಪಾತ್ರ) ಬಾರಿನೊಳಗೆ ಬರುತ್ತಾನೆ. ಒಬ್ಬ ಬೆಳ್ಳಿ ಡಾಲರನ್ನು ಪೀಕದಾನಿಗೆ ಎಸೆಯುತ್ತಾನೆ. ಡ್ಯೂಡ್ ಬಗ್ಗಿ ಕೈ ಹಾಕಲು ಹೋಗುವಷ್ಟರಲ್ಲಿ ಶೆರಿಫ್ ಆಗಿರುವ ಜಾನ್ ವೇಯ್ನ್ ಪೀಕದಾನಿಯನ್ನು ಒದ್ದು ಆಚೆ ತಳ್ಳುತ್ತಾನೆ. ಪಾತ್ರದ ಚರಿತ್ರೆಯೆಲ್ಲ ಅಲ್ಲೇ ಮುಗಿಯಿತು, ದನಿ ಬೇಕಾಗಲೇ ಇಲ್ಲ. ಅಲ್ಲಿಂದ ಮುಂದೆ ಇಡೀ ಪಾತ್ರ ಮಾರ್ಟಿನ್‌ನ ಬೆರಳಲ್ಲೇ ಇದೆ. ನಡುಗುವ ಕೈಗೆ ಸಿಗರೇಟು ಸುತ್ತಲಾಗುವುದಿಲ್ಲ. ಕಾಗದ ಹರಿಯುತ್ತದೆ, ಹೊಗೆಸೊಪ್ಪು ಚೆಲ್ಲುತ್ತದೆ. ವೇಯ್ನ್ ಏನೂ ಹೇಳದೆ ತಾನು ಸುತ್ತಿದ್ದನ್ನು ದಾಟಿಸುತ್ತಾನೆ. ಗೆಳೆತನದ ಬಗ್ಗೆ ಇಬ್ಬರೂ ಬಾಯಿ ಬಿಡುವುದಿಲ್ಲ. ಕೊನೆಗೆ ಸೋತು ಗ್ಲಾಸಿಗೆ ವಿಸ್ಕಿ ಸುರಿದುಕೊಂಡ ಹೊತ್ತಿಗೆ ಹೊರಗೆ ಶತ್ರುಗಳು ನುಡಿಸುವ 'ದೆಗ್ವೆಯೊ' ತುತ್ತೂರಿ ಕೇಳುತ್ತದೆ. ಯಾರನ್ನೂ ಜೀವಸಹಿತ ಬಿಡೆವು ಅನ್ನುವ ರಾಗ ಅದು. ಡ್ಯೂಡ್ ಗ್ಲಾಸಿನ ವಿಸ್ಕಿಯನ್ನು ಮತ್ತೆ ಬಾಟಲಿಗೆ ಹೊಯ್ಯುತ್ತಾನೆ. ಒಂದು ಹನಿಯೂ ಚೆಲ್ಲುವುದಿಲ್ಲ. ಅವನ ಕೈ ನಿಂತಿದೆ ಅಂತ ನಮಗೆ ತಿಳಿಯುವುದು ಹಾಗೆ.

ಹಾಡು ಬರುವುದು ಇದಾದ ಮೇಲೆ. ಜೈಲಿನೊಳಗೆ ಮಾರ್ಟಿನ್ ಮಲಗಿಕೊಂಡು ಹಾಡುತ್ತಾನೆ. ಆ ಕಾಲದ ಹದಿಹರೆಯದವರ ಆರಾಧ್ಯ ಗಾಯಕ ರಿಕಿ ನೆಲ್ಸನ್ ಗಿಟಾರ್, ಮುದುಕ ವಾಲ್ಟರ್ ಬ್ರೆನನ್ ಹಾರ್ಮೊನಿಕಾ. ವೇಯ್ನ್ ಹಾಡುವುದಿಲ್ಲ, ಕಾಫಿ ಮಗ್ ಹಿಡಿದು ನಗುತ್ತ ನಿಂತಿರುತ್ತಾನೆ. ಇಬ್ಬರು ಗಾಯಕರನ್ನು ಇಟ್ಟುಕೊಂಡು ಹಾಡಿಸದೇ ಇರುವುದುಂಟೇ ಅನ್ನುವ ವ್ಯಾಪಾರಿ ಲೆಕ್ಕವೂ ಇಲ್ಲಿದೆ, ಸುಳ್ಳಲ್ಲ. ಆದರೆ ಇದೇ ಹಾಡನ್ನು ಮೊದಲ ಅರ್ಧ ಗಂಟೆಯಲ್ಲಿ ಹಾಕಿದ್ದರೆ ಡ್ಯೂಡ್ ಅಲ್ಲಿಗೇ ಸತ್ತು ಡೀನ್ ಮಾರ್ಟಿನ್ ಎದ್ದು ಕೂರುತ್ತಿದ್ದ.

ನಿರ್ದೇಶಕ ಸ್ಯಾಮ್ ಪೆಕಿನ್‌ಪಾ ಇನ್ನೂ ಕಿಲಾಡಿ. 1973ರ 'ಪ್ಯಾಟ್ ಗ್ಯಾರೆಟ್ ಅಂಡ್ ಬಿಲಿ ದ ಕಿಡ್'ನಲ್ಲಿ ಗಾಯಕ, ಕವಿ ಬಾಬ್ ಡಿಲನ್ ತೆರೆಯ ಮೇಲಿದ್ದಾನೆ, ಜಗತ್ತಿಗೇ ಗೊತ್ತಿರುವ ಅವನ 'ನಾಕಿಂಗ್ ಆನ್ ಹೆವೆನ್ಸ್ ಡೋರ್' ಹಾಡೂ ಚಿತ್ರದಲ್ಲಿದೆ. ಆದರೆ ಆ ಹಾಡು ಕೇಳುವುದು ಗುಂಡೇಟು ತಿಂದು ನದಿಯ ದಡದಲ್ಲಿ ಕೂತ ಬೇರೊಂದು ಪಾತ್ರದ ಸಾವಿನ ಮೇಲೆ. ತೆರೆಯ ಡಿಲನ್‌ಗೆ ಸಿಕ್ಕಿದ್ದು, ಅಂಗಡಿಯ ಗೋಡೆಗೆ ಮುಖ ಮಾಡಿ ಡಬ್ಬಿಗಳ ಮೇಲಿನ ಲೇಬಲ್ ಗಟ್ಟಿಯಾಗಿ ಓದುವ ಕೆಲಸ: ಬೀನ್ಸ್, ಇನ್ನೊಂದು ಬೀನ್ಸ್. ಹಾಗೆ ಓದಿಸುತ್ತಲೇ ಶೆರಿಫ್ ಗ್ಯಾರೆಟ್ ಅತ್ತ ತನ್ನ ಕೆಲಸ ಮುಗಿಸಿಕೊಳ್ಳುತ್ತಾನೆ. ಅಷ್ಟು ದೊಡ್ಡ ಕವಿಗೆ ದಿನಸಿ ಪಟ್ಟಿ!

ಹಾಗಂತ ಹಾಡು ತೆಗೆದುಬಿಟ್ಟರೆ ಪಾತ್ರ ತಾನಾಗಿ ಗಟ್ಟಿಯಾಗುತ್ತದೆ ಅನ್ನುವಂತಿಲ್ಲ. 1961ರ 'ಬ್ಲೂ ಹವಾಯಿ'ಯಲ್ಲಿ ಹಾಡುಗಳ ಸುರಿಮಳೆ; ಅದರ ಆಲ್ಬಮ್ 20 ವಾರ ಒಂದನೇ ಸ್ಥಾನದಲ್ಲಿ ಕೂತಿತು. 'ಫ್ಲೇಮಿಂಗ್ ಸ್ಟಾರ್' ಅಷ್ಟು ಗಳಿಸಿರಲಿಲ್ಲ. ಮ್ಯಾನೇಜರ್ ಕರ್ನಲ್ ಪಾರ್ಕರ್‌ಗೆ ಬೇರೆ ಲೆಕ್ಕ ಬೇಕಾಗಲಿಲ್ಲ. ಎಂಟು ವರ್ಷ ಕಳೆದು 'ಚಾರೋ!' ಎಂಬ ಇನ್ನೊಂದು ವೆಸ್ಟರ್ನ್ ಚಿತ್ರದಲ್ಲಿ ಎಲ್ವಿಸ್ ಗಡ್ಡ ಬಿಟ್ಟು ಬಂದ. ತೆರೆಯ ಮೇಲೆ ಅವನು ಒಂದೂ ಹಾಡು ಹಾಡದ ಏಕೈಕ ಚಿತ್ರ ಅದು. ಶೀರ್ಷಿಕೆ ಗೀತೆ ಮಾತ್ರ ಇದೆ. ಕಾದ ಕಬ್ಬಿಣದಿಂದ ಕುತ್ತಿಗೆಗೆ ಬರೆ ಹಾಕಿಸಿಕೊಳ್ಳುವ ದೃಶ್ಯವೂ ಇದೆ. ಎಲ್ಲ ಸರಿ, ಆದರೆ ಜೊತೆಗೆ ಡೊಲೊರೆಸ್ ಡೆಲ್ ರಿಯೊನಂಥ ತಾಯಿ ಇಲ್ಲ, ಸಿಗರೇಟು ಸುತ್ತಿಕೊಡುವ ವೇಯ್ನ್ ಇಲ್ಲ. ಇಟಲಿಯ ವೆಸ್ಟರ್ನ್‌ಗಳ ಮೌನವನ್ನು ಕಡ ತಂದರು. ಎದುರಿಗೆ ಯಾರೂ ಇಲ್ಲದೆ ಆ ಮೌನ ಬರೀ ಗಡ್ಡವಾಗಿ ಉಳಿಯಿತು.

'ಚಾರೋ!' 1969ರ ಮಾರ್ಚಿನಲ್ಲಿ ಬಂತು. ಜುಲೈ 31ಕ್ಕೆ ಎಲ್ವಿಸ್ ಲಾಸ್ ವೇಗಸ್‌ನ ವೇದಿಕೆ ಹತ್ತಿದ. ಅದೇ ವರ್ಷ ಇನ್ನೆರಡು ಚಿತ್ರ ತೆರೆ ಕಂಡವು, ಎರಡೂ ವೆಸ್ಟರ್ನ್ ಅಲ್ಲ. ಕಥಾಚಿತ್ರದಲ್ಲಿ ಅವನು ಮತ್ತೆ ನಟಿಸಲಿಲ್ಲ.